ಎರಡನೆಯ ಮರದ ಕೆಳಗೆ

ಮುಕೋಂಡೆ, ನ್ಖಾಟಾ ಬೇ
೯ ಫೆಬ್ರುವರಿ ೨೦೦೩

ಮಗಳೇ ತಿವೊಂಗೆ,

ನಾನು ಸತ್ತುಹೋಗಿದ್ದೇನೆಂದು ಮೊನ್ನೆ ಗೊತ್ತಾಯಿತು. ಹೇಳಿದವಳು ನ್ಯಾಮಂಡಾ. ಒಣಮೀನಿನ ಮೂಟೆ ಹಾಕಿಕೊಂಡು ಲಿಲೊಂಗ್ವೆ ಸಂತೆಗೆ ಹೋದವಳು, ಹೇಗೂ ಅಷ್ಟು ದೂರ ಬಂದಿದ್ದೇನಲ್ಲ, ಗೆಳತಿಯ ಮಗಳನ್ನು ನೋಡಿಕೊಂಡೇ ಹೋಗೋಣ ಎಂದು ನಿನ್ನ ಮುಂಜಾವು ಕೇಂದ್ರದ ಗೇಟಿನ ತನಕ ಬಂದಿದ್ದಳಂತೆ. ನೀನು ಪಾಠದಲ್ಲಿದ್ದೆ. ಕಾವಲಿನವನು, "ಊರಿನವರಾ ನೀವು? ಪಾಪ, ಆ ಹುಡುಗೀಗೆ ಅಪ್ಪನೂ ಇಲ್ಲ, ಅಮ್ಮನೂ ಇಲ್ಲ. ನಿಮ್ಮಂಥೋರು ಆಗಾಗ ಬಂದ್ರೆ ಅಷ್ಟೇ ಸಮಾಧಾನ" ಅಂದನಂತೆ. ನ್ಯಾಮಂಡಾಳ ಬಾಯಿ ನಿನಗೆ ಗೊತ್ತಲ್ಲ. ಬಸ್ಸು ಇಳಿದವಳು ಮನೆಗೂ ಹೋಗದೆ ನನ್ನ ಅಂಗಳಕ್ಕೇ ಬಂದು, "ಏನೇ ಎಸ್ನಾತ್, ಸತ್ತಿದೀಯಂತೆ, ಮಣ್ಣಿಗೆ ನನ್ನ ಕರೀಲೇ ಇಲ್ವಲ್ಲೇ!" ಎಂದು ಬೊಬ್ಬೆ ಹಾಕಿದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವಳು ಹೋದ ಮೇಲೆ ನನಗೆ ನಗು ಬರಲಿಲ್ಲ.

ನಿನ್ನ ಅಪ್ಪ ದಕ್ಷಿಣದ ಗಣಿಗೆ ಹೋದವನು ಅಲ್ಲೇ ಸತ್ತ, ಅದು ನಿಜ. ನಾನು ಯಾವಾಗ ಸತ್ತೆ? ಏನು ಕಾಯಿಲೆ ಬಂದಿತ್ತು? ಮಣ್ಣು ಹಾಕಿದವರು ಯಾರು? ಬೈಯುತ್ತಿದ್ದೇನೆ ಎಂದುಕೊಳ್ಳಬೇಡ. ಅಲ್ಲ, ಬೈಯುತ್ತಲೇ ಇದ್ದೇನೆ. ಹೆತ್ತ ಮೂವರಲ್ಲಿ ಉಳಿದವಳು ನೀನೊಬ್ಬಳು. ನೀನೇ ನನ್ನನ್ನು ಹೂತುಬಿಟ್ಟರೆ ಹೇಗೆ? ಹೊರಡುವ ಮೊದಲು ನನ್ನ ಹತ್ತಿರ ಒಂದು ಮಾತು ಹೇಳಬಾರದಿತ್ತೇ?

ಆದರೆ ಒಂದು ತಿಳಿದುಕೋ. ಸುಳ್ಳು ಹೇಳಿಬಿಟ್ಟೆ ಎಂದು ಅಳುತ್ತಾ ವಾಪಸು ಬಂದೆಯೋ, ಕಾಲು ಮುರಿಯುತ್ತೇನೆ. ಎರಡು ವರ್ಷ ಮುಗಿಸಿ, ಅವರು ಕೊಡುವ ಹೊಲಿಗೆ ಯಂತ್ರ ತೆಗೆದುಕೊಂಡು ಎಲ್ಲಾದರೂ ಪೇಟೆಯಲ್ಲಿ ಕೂತು ಹೊಲಿ. ಬೆಳಿಗ್ಗೆ ದೋಣಿ ಬರುವಾಗ ಬೇಸಿನ್ ಹಿಡಿದು ಮರಳಿನ ಮೇಲೆ ಕಾಯುವ ಹೆಂಗಸರಲ್ಲಿ ನೀನು ಇರಬಾರದು. ಯಾರ ಬೇಸಿನ್ನಿಗೆ ಮೊದಲು ಮೀನು ಹಾಕಬೇಕೆಂದು ದೋಣಿಯವರು ಹೇಗೆ ತೀರ್ಮಾನಿಸುತ್ತಾರೆ ಎನ್ನುವುದು ನಿನಗೂ ಗೊತ್ತು, ನನಗೂ ಗೊತ್ತು. ಕಾಗದದಲ್ಲಿ ಬರೆಯುವುದು ಬೇಡ.

ನಿನ್ನ ಸತ್ತ ಅಮ್ಮ,
ಎಸ್ನಾತ್


ಮುಂಜಾವು ಕೇಂದ್ರ, ಲಿಲೊಂಗ್ವೆ
೨ ಮಾರ್ಚ್ ೨೦೦೩

ಅಮ್ಮಾ,

ಇದನ್ನು ನ್ಯಾಮಂಡಾ ಚಿಕ್ಕಮ್ಮನ ಕೈಯಲ್ಲಿ ಕೊಡುತ್ತಿದ್ದೇನೆ. ಅಂಚೆಯಲ್ಲಿ ಬರುವ ಕಾಗದಗಳನ್ನು ಇಲ್ಲಿ ಆಫೀಸಿನವರು ಒಡೆದು ಓದಿ ಕೊಡುತ್ತಾರೆ. ನಿನ್ನ ಪುಣ್ಯ, ಮೊದಲನೆಯ ಕಾಗದ ಅಂಚೆಗೆ ಹಾಕಲಿಲ್ಲ. ಇನ್ನು ಮೇಲೆ ಅಂಚೆಯಲ್ಲಿ ಬರೆದರೆ ಫೈನೆಸ್ ದೊಡ್ಡಮ್ಮ ಎಂದು ಸಹಿ ಹಾಕು. ದೊಡ್ಡಮ್ಮ ಬದುಕಿದ್ದಾಳೆ, ಅಮ್ಮ ಸತ್ತಿದ್ದಾಳೆ ಎಂದು ನಾನು ಹೇಳಿದ್ದೇನೆ. ಸತ್ತವಳನ್ನೂ ಬದುಕಿರುವವಳನ್ನೂ ಅದಲು ಬದಲು ಮಾಡಿದ್ದು, ಅಷ್ಟೇ.

ನಿನಗೆ ಹೇಳದೆ ಮಾಡಿದ್ದು ತಪ್ಪು. ಆದರೆ ಹೇಳುವುದಕ್ಕೆ ಹೊತ್ತೆಲ್ಲಿತ್ತು? ಕೇಂದ್ರಕ್ಕೆ ಹುಡುಗಿಯರನ್ನು ಆರಿಸುವುದಕ್ಕೆ ಬಂದ ಜೆರೆ ಮೇಡಂ ಚರ್ಚಿನ ಅಂಗಳದಲ್ಲಿ ನಮ್ಮನ್ನೆಲ್ಲ ನಿಲ್ಲಿಸಿ, "ಒಬ್ರನ್ನ ಕಳಕೊಂಡೋರು ಈ ಮಾವಿನ ಮರದ ಕೆಳಗೆ, ಇಬ್ರೂ ಇಲ್ಲದೋರು ಆ ಮರದ ಕೆಳಗೆ" ಅಂದರು. ನಾನು ಮೊದಲನೆಯ ಮರದ ಕೆಳಗೇ ಹೋದೆ. ಅಲ್ಲಿ ಅರವತ್ತು ಹುಡುಗಿಯರಿದ್ದರು. ಎರಡನೆಯದರ ಕೆಳಗೆ ಒಂಬತ್ತು ಜನ. ವ್ಯಾನಿನಲ್ಲಿ ಹತ್ತು ಸೀಟು. ಮೇಡಂ ಬೆನ್ನು ತಿರುಗಿಸಿ ಎರಡನೆಯ ಮರದವರ ಹೆಸರು ಬರೆಯುವುದಕ್ಕೆ ಶುರುಮಾಡಿದರು. ನಾನು ನಡೆದು ಹೋಗಿ ಆ ಸಾಲಿನ ಕೊನೆಗೆ ನಿಂತೆ. ಊರಿನ ಹುಡುಗಿಯರೆಲ್ಲ ನೋಡಿದರು, ಯಾರೂ ಬಾಯಿ ಬಿಡಲಿಲ್ಲ. ಎಂಟು ಹೆಜ್ಜೆ ಅಮ್ಮಾ, ಹೆಚ್ಚೇನೂ ಇಲ್ಲ.

ಇಲ್ಲಿ ಬೆಳಿಗ್ಗೆ ಹೊಲಿಗೆ, ಮಧ್ಯಾಹ್ನ ಬದುಕಿನ ಪಾಠ. ಎದುರಿನವರ ಕಣ್ಣು ನೋಡಿ "ಇಲ್ಲ" ಎನ್ನುವುದನ್ನು ಕಲಿಸುತ್ತಾರೆ. ನಲವತ್ತು ಹುಡುಗಿಯರು ಎದುರುಬದುರು ನಿಂತು "ಇಲ್ಲ, ಆಗೋದಿಲ್ಲ" ಎನ್ನಬೇಕು. ನಕ್ಕರೆ ಮತ್ತೆ ಮೊದಲಿನಿಂದ. ನಮ್ಮಲ್ಲಿ ದೊಡ್ಡವರ ಕಣ್ಣು ನೋಡಿ ಮಾತಾಡಿದರೆ ಕೆನ್ನೆಗೆ ಬೀಳುತ್ತಿತ್ತು. ಇಲ್ಲಿ ನೋಡದಿದ್ದರೆ ಬೈಗುಳ. ಇನ್ನೊಂದು ದಿನ ನಮ್ಮ ಬದುಕನ್ನು ನದಿಯ ಹಾಗೆ ಚಿತ್ರ ಬರೆಯಿರಿ, ಕಷ್ಟ ಬಂದಲ್ಲಿ ಕಲ್ಲು ಬರೆಯಿರಿ ಎಂದರು. ಅಪ್ಪನ ಕಲ್ಲು ಬರೆದೆ. ನಿನ್ನದನ್ನು ಬರೆಯದೆ ಕೂತಿದ್ದೆ. ಮೇಡಂ ಪಕ್ಕದಲ್ಲಿ ಕೂತು, "ನಿಧಾನಕ್ಕೆ ಬರಿ ಮಗಾ, ಕೈ ನಡುಗಿದ್ರೂ ಪರವಾಗಿಲ್ಲ" ಅಂದರು. ಬರೆದೆ. ಯಾವತ್ತು ತೀರಿಕೊಂಡರು ಎಂದು ಕೇಳಿದರು. ಎರಡು ವರ್ಷದ ಹಿಂದೆ, ಮಾರ್ಚ್ ಹದಿನಾಲ್ಕು ಎಂದು ಬಾಯಿಗೆ ಬಂದದ್ದು ಹೇಳಿದೆ. ಈಗ ಅದು ಗೋಡೆಯ ಕ್ಯಾಲೆಂಡರಿನಲ್ಲಿದೆ. ಆ ದಿನ ಎಲ್ಲರೂ ಸೇರಿ ನಿನಗಾಗಿ ಹಾಡುತ್ತಾರೆ.

ಇನ್ನೊಂದು ವಿಷಯ. ಒಬ್ಬೊಬ್ಬರಿಗೂ ಒಂದೊಂದು ತಗಡಿನ ಪೆಟ್ಟಿಗೆ ಕೊಟ್ಟಿದ್ದಾರೆ, ನೆನಪಿನ ಪೆಟ್ಟಿಗೆ. ತೀರಿಕೊಂಡವರ ವಸ್ತು ಏನಾದರೂ ಅದರಲ್ಲಿಡಬೇಕು. ನನ್ನದು ಖಾಲಿಯಾಗಿದೆ. ನಿನ್ನದು ಏನಾದರೂ ಕಳಿಸು.

ನಿನ್ನ ಮಗಳು,
ತಿವೊಂಗೆ


ಮುಕೋಂಡೆ
೩೦ ಮಾರ್ಚ್ ೨೦೦೩

ತಿವೊಂಗೆ,

ಮಾರ್ಚ್ ತಿಂಗಳಲ್ಲಿ ಯಾರಾದರೂ ಸಾಯುತ್ತಾರೇನೇ? ಸುರಿಯುವ ಮಳೆಯಲ್ಲಿ ಗುಂಡಿ ತೋಡಿದರೆ ಅರ್ಧ ನೀರು ತುಂಬುತ್ತದೆ, ತೋಡಿದವರೆಲ್ಲ ಸತ್ತವಳನ್ನೇ ಬೈಯುತ್ತಾರೆ. ಒಣ ತಿಂಗಳಲ್ಲಿ ಸಾಯಿಸಿದ್ದರೆ ನಿನಗೇನು ಹೋಗುತ್ತಿತ್ತು? ನನಗೋಸ್ಕರ ಯಾವ ಹಾಡು ಹಾಡಿದರು? ಪೂರ್ತಿ ಹಾಡಿದರೋ, ಎರಡು ಚರಣಕ್ಕೇ ಮುಗಿಸಿ ಊಟಕ್ಕೆ ಹೋದರೋ? ಬರಿ.

ಪೆಟ್ಟಿಗೆಗೆ ಏನು ಕಳಿಸಲಿ ಎಂದು ಮನೆಯೆಲ್ಲ ನೋಡಿದೆ. ಇರುವುದು ಪಾತ್ರೆ, ಚಾಪೆ, ಮೀನು ಒಣಗಿಸುವ ಬಲೆ. ಹಾಗಾಗಿ ಚರ್ಚಿನ ಹೆಂಗಸರ ಸಂಘದ ನನ್ನ ಬಿಳಿ ತಲೆವಸ್ತ್ರ ಕಳಿಸುತ್ತಿದ್ದೇನೆ. ಒಗೆದು, ಇದ್ದಿಲಿನ ಇಸ್ತ್ರಿಪೆಟ್ಟಿಗೆ ಕಾಯಿಸಿ ಮಡಿಕೆ ಹಾಕಿದ್ದೇನೆ. ಸಂಘದವಳನ್ನು ಮಣ್ಣು ಮಾಡುವಾಗ ಅದು ತಲೆಯ ಮೇಲಿರಬೇಕು, ಗೊತ್ತಲ್ಲ, ಅದಿಲ್ಲದೆ ಸಂಘದವರು ಹಾಡುವುದಕ್ಕೂ ಬಾಯಿ ತೆರೆಯುವುದಿಲ್ಲ. ಆದ್ದರಿಂದ ಜೋಪಾನ. ನನಗೆ ಬೇಕಾಗುವಷ್ಟರಲ್ಲಿ ವಾಪಸು ಬರಲಿ. ಭಾನುವಾರ ಬರಿತಲೆಯಲ್ಲಿ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಇಲಿ ಕಡಿಯಿತು ಎಂದು ಹೇಳಿದ್ದೇನೆ.

ನಿನ್ನ ಆ "ಇಲ್ಲ" ಎನ್ನುವ ಪಾಠ ನನ್ನ ಕಾಲಕ್ಕೆ ಯಾರೂ ಕಲಿಸಲಿಲ್ಲ. ಮೊನ್ನೆ ಒಲೆಯ ಮುಂದೆ ಒಬ್ಬಳೇ ಕೂತು ಗಟ್ಟಿಯಾಗಿ ಹೇಳಿ ನೋಡಿದೆ. ಬಾಯಿಂದ ಸಲೀಸಾಗಿ ಬಂತು. ತಡವಾಯಿತು, ಇನ್ನೇನು.

ನ್ಯಾಮಂಡಾ ಏನೇನೋ ಹೇಳಿದರೆ ನಂಬಬೇಡ. ಕೆಮ್ಮು ಇದೆ, ಮಳೆಯ ಕೆಮ್ಮು. ಚಿತೆಂಜೆ ಉಟ್ಟರೆ ಸೊಂಟಕ್ಕೆ ಒಂದು ಸುತ್ತು ಹೆಚ್ಚಿಗೆ ಬರುತ್ತಿದೆ, ಬಟ್ಟೆ ಹಿಗ್ಗಿರಬೇಕು.

ಅಮ್ಮ


ಲಿಲೊಂಗ್ವೆ
೮ ಜೂನ್ ೨೦೦೩

ಅಮ್ಮಾ,

ಅವಸರದಲ್ಲಿ ಬರೆಯುತ್ತಿದ್ದೇನೆ, ಚಿಕ್ಕಮ್ಮ ಗೇಟಿನಲ್ಲಿ ನಿಂತಿದ್ದಾಳೆ. ಜೆರೆ ಮೇಡಂ ಒಬ್ಬೊಬ್ಬ ಹುಡುಗಿಯ ಊರಿಗೂ ಹೋಗುತ್ತಿದ್ದಾರೆ. ಇಪ್ಪತ್ತೊಂದಕ್ಕೆ ಮುಕೋಂಡೆ. ನನ್ನನ್ನು ಕರೆದುಕೊಂಡು ಬರುವುದಿಲ್ಲ. ದೊಡ್ಡಮ್ಮನನ್ನು ಮಾತಾಡಿಸುತ್ತಾರಂತೆ, ನಿನ್ನ ಸಮಾಧಿ ನೋಡಿ ಫೋಟೊ ತೆಗೆದು ನನ್ನ ಪೆಟ್ಟಿಗೆಗೆ ತಂದು ಕೊಡುತ್ತಾರಂತೆ. ಒಳ್ಳೆಯದಾಗಲಿ ಎಂದೇ ಮಾಡುತ್ತಿದ್ದಾರೆ.

ನಿಜ ತಿಳಿದರೆ ಅದೇ ವ್ಯಾನಿನಲ್ಲಿ ನನ್ನನ್ನು ತಂದು ಬಿಡುತ್ತಾರೆ. ಮುಲಾಂಜೆಯ ಹುಡುಗಿಯೊಬ್ಬಳ ಅಪ್ಪ ಬದುಕಿದ್ದಾನೆ ಎಂದು ಗೊತ್ತಾಗಿ ಹಾಗೆಯೇ ಕಳಿಸಿದರು. ಏನು ಮಾಡುವುದು ಹೇಳು. ನನಗೆ ಊಟ ಸೇರುತ್ತಿಲ್ಲ.

ತಿವೊಂಗೆ


ಮುಕೋಂಡೆ
೨೫ ಜೂನ್ ೨೦೦೩

ಮಗಳೇ,

ಊಟ ಮಾಡು. ಬಂದರು, ಹೋದರು, ಎಲ್ಲ ಸುಸೂತ್ರ.

ನಾನು ಮೂರು ದಿನ ಮೊದಲೇ ಅಂಗಡಿಯಿಂದ ಹಿಡಿದು ಚರ್ಚಿನ ತನಕ ಹೋಗಿ, "ನಾನು ಫೈನೆಸ್, ಎಸ್ನಾತ್ ಸತ್ತಿದ್ದಾಳೆ, ನೆನಪಿರಲಿ" ಎಂದು ಹೇಳಿ ಬಂದಿದ್ದೆ. ಸುಮ್ಮನೆ ದಣಿದೆ. ಇಲ್ಲಿ ಹೆಸರು ಹಿಡಿದು ಯಾರು ಕರೆಯುತ್ತಾರೆ? ಅಕ್ಕನೂ ಚಿರ್ವಾ ಕುಲದವಳು, ನಾನೂ ಚಿರ್ವಾ ಕುಲದವಳು, ಊರಿಗೆಲ್ಲ ಇಬ್ಬರೂ ನ್ಯಾಚಿರ್ವಾ. ಎಸ್ನಾತ್ ಎನ್ನುವವಳು ನ್ಯಾಮಂಡಾ ಒಬ್ಬಳೇ. ಅವಳನ್ನು ಆ ದಿನ ನ್ಖಾಟಾ ಬೇ ಪೇಟೆಗೆ ಕಳಿಸಿಬಿಟ್ಟೆ. ನಿನ್ನ ಮೇಡಂ "ನ್ಯಾಚಿರ್ವಾ ಅವರ ಮನೆ ಯಾವುದು?" ಎಂದರೆ ಮಕ್ಕಳೇ ಕೈಹಿಡಿದು ಕರೆತಂದವು. "ನ್ಯಾಚಿರ್ವಾ ಅವರ ಸಮಾಧಿ?" ಎಂದರೆ ಅದನ್ನೂ ತೋರಿಸಿದವು. ಅಕ್ಕನ ಶಿಲುಬೆಯ ಮೇಲೂ ಅಷ್ಟೇ ತಾನೇ ಬರೆದಿರುವುದು.

ಒಳ್ಳೆಯ ಹೆಂಗಸು. ಚಾಪೆಯ ಮೇಲೆ ಕೂತಳು, ಮರಗೆಣಸಿನ ಸಿಮಾ ಮುದ್ದೆ ಕೊಟ್ಟರೆ ಎರಡು ಸಲ ಹಾಕಿಸಿಕೊಂಡಳು. "ನಿಮ್ಮ ತಂಗಿ ಎಂಥೋರು? ತಿವೊಂಗೆ ಅವರ ವಿಷಯ ಮಾತೇ ಆಡೋದಿಲ್ಲ" ಎಂದು ಕೇಳಿದಳು. ನನ್ನನ್ನು ನಾನೇ ಎಷ್ಟೆಂದು ಹೊಗಳಿಕೊಳ್ಳಲಿ! ಕೆಲಸದಲ್ಲಿ ಗಟ್ಟಿ, ಬಾಯಿ ಸ್ವಲ್ಪ ಜೋರು, ಮಗಳೆಂದರೆ ಪ್ರಾಣ ಎಂದೆ. "ಅವರಿಗೆ ಏನಾಗಿತ್ತು?" ಎಂದಳು. ಕೆಮ್ಮು ಎಂದೆ. ಅವಳು ತಲೆ ತಗ್ಗಿಸಿ ಇನ್ನೇನೂ ಕೇಳಲಿಲ್ಲ.

ಸಮಾಧಿಯ ಹತ್ತಿರ ನಾನು ಅತ್ತೆ. ನಾಟಕ ಮಾಡೋಣ ಎಂದೇ ಹೋಗಿದ್ದೆ, ಆದರೆ ಶುರುವಾದದ್ದು ನಿಲ್ಲಲಿಲ್ಲ. ಅಕ್ಕನಿಗೋ, ನನಗೋ, ಯಾರಿಗೆ ಅತ್ತೆನೋ ತಿಳಿಯಲಿಲ್ಲ. ನಿನ್ನ ಮೇಡಂ ನನ್ನ ಎರಡೂ ಕೈ ಹಿಡಿದುಕೊಂಡಳು. ಹಿಡಿದವಳು ಕೈಯನ್ನೇ ನೋಡುತ್ತಿದ್ದಳು. "ದೊಡ್ಡಮ್ಮಾ, ನೀವೂ ಆಸ್ಪತ್ರೆಗೆ ಹೋಗಿ ತೋರಿಸ್ಕೊಳ್ಳಿ" ಅಂದಳು. ಹೋಗಿದ್ದೆ ಕಣೇ, ಮೇ ತಿಂಗಳಲ್ಲೇ. ಅವರು ಹೇಳಿದ್ದನ್ನು ಕೇಳಿಸಿಕೊಂಡು ಬಂದೆ. ಅಕ್ಕನಿಗೆ ಹೇಳಿದ್ದನ್ನೇ ಹೇಳಿದರು.

ನೀನು ಹೊಲಿದ ಅಂಗಿಯ ಫೋಟೊ ತೋರಿಸಿದಳು. ಕಾಲರು ಓರೆಯಾಗಿದೆ. ಬಿಚ್ಚಿ ಹೊಲಿ.

ಅಮ್ಮ


ಲಿಲೊಂಗ್ವೆ
೨೮ ಸೆಪ್ಟೆಂಬರ್ ೨೦೦೩

ಅಮ್ಮಾ,

ಮೂರು ತಿಂಗಳಿಂದ ನಿನ್ನ ಕಾಗದವಿಲ್ಲ. ನಿನ್ನೆ ಚಿಕ್ಕಮ್ಮ ಬಂದಿದ್ದಳು. ಮೊದಲು ಏನೂ ಇಲ್ಲ ಎಂದಳು. ನಾನು ಕೈ ಬಿಡಲಿಲ್ಲ. ಆಮೇಲೆ ಹೇಳಿದಳು. ನೀನು ಮರಳಿಗೆ ಹೋಗುವುದು ಬಿಟ್ಟಿದ್ದೀಯಂತೆ, ಬಾಯಿ ತುಂಬ ಹುಣ್ಣಂತೆ, ಗಂಜಿ ಬಿಟ್ಟು ಏನೂ ಇಳಿಯುವುದಿಲ್ಲವಂತೆ. ಚಾಪೆಯಿಂದ ಎದ್ದು ಹೊರಗೆ ಹೋಗುವುದಕ್ಕೂ ಅವಳೇ ಹಿಡಿದುಕೊಳ್ಳಬೇಕಂತೆ. ಫೈನೆಸ್ ದೊಡ್ಡಮ್ಮ ಕೊನೆಗೆ ಹೀಗೇ ಇದ್ದಳು. ನನಗೆ ಎಲ್ಲ ನೆನಪಿದೆ.

ನಾನು ರಜೆ ಕೇಳಿದೆ. ಇಲ್ಲಿ ಕಾಯಿಲೆಗಾಗಲಿ ಸಾವಿಗಾಗಲಿ ಊರಿಗೆ ಬಿಡುವುದು ಅಪ್ಪ, ಅಮ್ಮ, ಒಡಹುಟ್ಟಿದವರಿಗೆ ಮಾತ್ರ. ದೊಡ್ಡಮ್ಮ ಚಿಕ್ಕಮ್ಮಂದಿರಿಗೆಲ್ಲ ಬಿಡುತ್ತಾ ಹೋದರೆ ವಾರಕ್ಕೆ ಹತ್ತು ಹುಡುಗಿಯರು ಸಾವಿನ ಮನೆಯಲ್ಲೇ ಇರುತ್ತಾರೆ, ಪಾಠ ಯಾರಿಗೆ ಮಾಡುವುದು ಎನ್ನುತ್ತಾರೆ. ನಿಜವೇ. ಹಾಗಾಗಿ ಕಣ್ಣು ಮುಚ್ಚಿ ಸತ್ಯ ಹೇಳಿಬಿಟ್ಟೆ. "ಮೇಡಂ, ಅವಳು ದೊಡ್ಡಮ್ಮ ಅಲ್ಲ, ನನ್ನ ಅಮ್ಮ. ನನ್ನ ಅಮ್ಮ ಸತ್ತಿಲ್ಲ. ಮನೆಯಲ್ಲಿ ಮಲಗಿದ್ದಾಳೆ" ಎಂದೆ.

ಕಳಿಸಿಬಿಡುತ್ತಾರೆ ಎಂದುಕೊಂಡಿದ್ದೆ. ಬಟ್ಟೆಯನ್ನೂ ಮಡಚಿಟ್ಟಿದ್ದೆ. ಮೇಡಂ ನನ್ನನ್ನು ತಬ್ಬಿಕೊಂಡರು! "ಗೊತ್ತು ಮಗಾ, ಗೊತ್ತು" ಎನ್ನುತ್ತಾ ಬೆನ್ನು ಸವರಿದರು. ಆಗಸ್ಟಿನಲ್ಲಿ ದುಃಖದ ಪಾಠ ಮಾಡಿದ್ದರು. ಸತ್ತವರು ಸತ್ತಿಲ್ಲ ಎಂದುಕೊಳ್ಳುವುದು ದುಃಖದ ಮೊದಲ ಮೆಟ್ಟಿಲಂತೆ, ಕೆಲವರಿಗೆ ಅದು ವರ್ಷಗಟ್ಟಲೆ ತಡೆದು ಬರುತ್ತದಂತೆ. ನಾನು ಈಗ ಆ ಮೆಟ್ಟಿಲ ಮೇಲಿದ್ದೇನಂತೆ. ನಾನು ಕೂಗಾಡಿದೆ. ಸಮಾಧಿಯ ಫೋಟೊ ತಂದು ಕೈಗೆ ಕೊಟ್ಟು, "ನೋಡು ಮಗಾ, ನಾನೇ ಕಣ್ಣಾರೆ ನೋಡಿ ಬಂದಿದ್ದೀನಿ" ಅಂದರು. ದಿನಾ ಸಂಜೆ ಟೀ ಕೊಟ್ಟು ಒಂದು ಗಂಟೆ ಕೂರಿಸಿಕೊಳ್ಳುತ್ತಾರೆ. ಒಂದು ದಿನವೂ ಬೈದಿಲ್ಲ ಅಮ್ಮಾ, ಅದೇ ನನಗೆ ತಡೆಯಲಾಗುತ್ತಿಲ್ಲ.

ನೀನೇ ಮೇಡಂಗೆ ಬರಿ. ನಾನೇ ಎಸ್ನಾತ್, ಬದುಕಿದ್ದೇನೆ, ನನ್ನ ಮಗಳನ್ನು ಕಳಿಸಿಕೊಡಿ ಎಂದು ಬರಿ. ನಿನ್ನ ಮಾತನ್ನು ನಂಬುತ್ತಾರೆ. ಯಂತ್ರ ಹಾಳಾಗಿ ಹೋಗಲಿ.

ತಿವೊಂಗೆ


ಮುಂಜಾವು ಕೇಂದ್ರ, ಲಿಲೊಂಗ್ವೆ
೬ ಅಕ್ಟೋಬರ್ ೨೦೦೩

ಶ್ರೀಮತಿ ಫೈನೆಸ್ ಚಿರ್ವಾ ಅವರಿಗೆ,

ದೊಡ್ಡಮ್ಮ, ನಿಮ್ಮ ಆರೋಗ್ಯ ಚೆನ್ನಾಗಿಲ್ಲ ಎಂದು ತಿಳಿಯಿತು. ದೇವರು ನಿಮಗೆ ಬಲ ಕೊಡಲಿ. ಇಂಥ ಸಮಯದಲ್ಲಿ ತೊಂದರೆ ಕೊಡುವುದಕ್ಕೆ ಕ್ಷಮೆಯಿರಲಿ.

ತಿವೊಂಗೆ ನಮ್ಮ ಅತ್ಯಂತ ಚುರುಕಿನ ಹುಡುಗಿಯರಲ್ಲಿ ಒಬ್ಬಳು. ಈಚೆಗೆ ಅವಳು ತನ್ನ ತಾಯಿ ಬದುಕಿದ್ದಾರೆಂದೂ, ನೀವೇ ಅವಳ ತಾಯಿಯೆಂದೂ ಹೇಳತೊಡಗಿದ್ದಾಳೆ. ನೀವು ಕಾಯಿಲೆ ಬಿದ್ದ ಸುದ್ದಿ ಕೇಳಿ ಹಳೆಯ ನೋವು ಮೇಲೆದ್ದಿದೆ, ಇದು ಸಹಜ. ಇಂಥ ಮಕ್ಕಳನ್ನು ನಾನು ಬಹಳ ನೋಡಿದ್ದೇನೆ. ಆದರೆ ಊಟ ಬಿಟ್ಟಿದ್ದಾಳೆ, ಯಂತ್ರದ ಮುಂದೆ ಸುಮ್ಮನೆ ಕೂತಿರುತ್ತಾಳೆ. ನಾನು ಹೇಳಿದರೆ ಕೇಳುವುದಿಲ್ಲ.

ನಿಮ್ಮಲ್ಲಿ ಒಂದು ಬೇಡಿಕೆ. ಅವಳಿಗೆ ನೀವೇ ಒಂದು ಕಾಗದ ಬರೆಯಿರಿ. ಅವಳ ತಾಯಿ ತೀರಿಕೊಂಡದ್ದು, ಮಣ್ಣು ಮಾಡಿದ್ದು, ಎಲ್ಲವನ್ನೂ ಸ್ಪಷ್ಟವಾಗಿ ಬರೆಯಿರಿ. ಕಣ್ಣಾರೆ ಕಂಡವರ ಮಾತನ್ನು ಅವಳು ನಂಬುತ್ತಾಳೆ. ಅದನ್ನು ಅವಳ ಗೆಳತಿಯರ ಎದುರಿಗೆ ಓದಿಸಿ, ಎಲ್ಲರೂ ಸೇರಿ ಅವಳನ್ನು ಈ ದುಃಖ ದಾಟಿಸುತ್ತೇವೆ. ಅವಳ ಭವಿಷ್ಯ ಇದರ ಮೇಲೆ ನಿಂತಿದೆ.

ನಿಮ್ಮವಳೇ,
ರೋಡಾ ಜೆರೆ


ಮುಕೋಂಡೆ
೨೪ ಅಕ್ಟೋಬರ್ ೨೦೦೩

ತಿವೊಂಗೆ,

ನಿನ್ನ ಮೇಡಂ ಬರೆದಿದ್ದಾರೆ. ನೀನು ಬರೆದದ್ದೂ ಬಂದಿದೆ. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಂಡು ನಾಲ್ಕು ದಿನ ಮಲಗಿದ್ದೆ. ಈ ಕಾಗದ ಬರೆಯುವುದಕ್ಕೂ ಎರಡು ದಿನ ಹಿಡಿದಿದೆ, ಅಕ್ಷರ ಓರೆಯಾಗಿದ್ದರೆ ಓದಿಕೋ.

ನಿನ್ನ ಅಮ್ಮ ಸತ್ತಿದ್ದಾಳೆ. ಮಾರ್ಚ್ ಹದಿನಾಲ್ಕರಂದು. ಮಳೆ ಹೊಡೆಯುತ್ತಿತ್ತು. ಗುಂಡಿಯಲ್ಲಿ ನೀರು ನಿಂತು ಗಂಡಸರು ಬಕೆಟ್ಟಿನಲ್ಲಿ ಎತ್ತಿ ಎತ್ತಿ ಹೊರಗೆ ಹಾಕಿದರು. ಅವಳ ಮೈ ತೊಳೆದವಳು ನಾನು. ಒಂದು ಕೈಯಲ್ಲಿ ಎತ್ತಬಹುದಾಗಿತ್ತು, ಅಷ್ಟು ಹಗುರವಾಗಿದ್ದಳು. ಕಾಲಿನ ಉಗುರಿನಲ್ಲಿ ಮೀನಿನ ಹುರುಪೆ ಇನ್ನೂ ಇತ್ತು. ಎಷ್ಟು ಉಜ್ಜಿದರೂ ಹೋಗಲಿಲ್ಲ, ಹಾಗೇ ಬಿಟ್ಟೆ. ಸಂಘದವರು ಹಾಡು ಪೂರ್ತಿ ಹಾಡಿದರು.

ಅವಳಿಗೆ ಭಯವಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಭಯವಿತ್ತು. ನಿನ್ನನ್ನು ನೋಡಬೇಕು ಎಂದು ಆಸೆಯೂ ಇತ್ತು, ಬೆಳಿಗ್ಗೆ ಬಸ್ಸಿನ ಸದ್ದು ಕೇಳಿದರೆ ತಲೆ ಎತ್ತುತ್ತಿದ್ದಳು. ಆದರೂ ಕೊನೆಗೆ ಏನು ಹೇಳಿದಳು ಗೊತ್ತೇ? "ಅವಳು ಊರಿಗೆ ಬರೋದು ಬೇಡ. ಮರಳಿನ ಮೇಲೆ ನಿಂತ್ಕೊಳ್ಳೋದು ಬೇಡ. ಯಂತ್ರ ಬಿಟ್ಟು ಬಂದ್ರೆ ನಾನು ಸತ್ತದ್ದು ದಂಡ" ಅಂದಳು. ನಾನು ಪಕ್ಕದಲ್ಲೇ ಇದ್ದೆ, ಕಿವಿಯಾರೆ ಕೇಳಿದ್ದೇನೆ.

ಆದ್ದರಿಂದ ಅತ್ತು ಮುಗಿಸು. ಸತ್ತವಳನ್ನು ನೋಡುವುದಕ್ಕೆ ಯಾರೂ ಬಸ್ಸು ಹತ್ತಿ ಬರುವುದಿಲ್ಲ. ಹೊಟ್ಟೆ ತುಂಬ ಊಟ ಮಾಡು, ಕಾಲರು ನೆಟ್ಟಗೆ ಹೊಲಿ.

ನಿನ್ನ ದೊಡ್ಡಮ್ಮ,
ಫೈನೆಸ್


ಮುಕೋಂಡೆ
೨೩ ನವೆಂಬರ್ ೨೦೦೩

ಜೆರೆ ಮೇಡಂ ಅವರಿಗೆ,

ಓಡಿಹೋದ ನನ್ನನ್ನು ನೀವು ಬಹಳ ಹುಡುಕಿಸಿದಿರೆಂದು ನ್ಯಾಮಂಡಾ ಚಿಕ್ಕಮ್ಮ ಹೇಳಿದಳು. ಕ್ಷಮಿಸಿ. ನಾನು ಊರಿನಲ್ಲಿದ್ದೇನೆ.

ಆ ಕಾಗದವನ್ನು ನಲವತ್ತು ಜನರ ಎದುರಿಗೆ ನನ್ನ ಕೈಯಲ್ಲೇ ಓದಿಸಿದಿರಿ. ಓದಿ ಮುಗಿಸಿದಾಗ ಎಲ್ಲರೂ ಅತ್ತರು, ಹಾಡಿದರು. ನೀವು "ಈಗ ಒಪ್ಕೊಂಡ್ಯಲ್ಲ ಮಗಾ?" ಎಂದು ಕೇಳಿದಿರಿ. ನಾನು ಹೂಂ ಎಂದೆ. ಅದು ನಾನು ನಿಮಗೆ ಬೇಕೆಂದೇ ಹೇಳಿದ ಕೊನೆಯ ಸುಳ್ಳು. ಅದು ಅಮ್ಮನ ಅಕ್ಷರ ಮೇಡಂ. ತನ್ನ ಮೈಯನ್ನು ತಾನೇ ತೊಳೆದ ಹಾಗೆ ಬರೆದಿದ್ದಳು. ಮಾರನೆಯ ಬೆಳಿಗ್ಗೆ ಕಪಾಟಿನಿಂದ ನನ್ನ ಪೆಟ್ಟಿಗೆ ತೆಗೆದೆ, ಫೋಟೊ ಅಲ್ಲೇ ಇಟ್ಟು ತಲೆವಸ್ತ್ರ ತೆಗೆದುಕೊಂಡು ಗೇಟಿಗೆ ಬಂದೆ. ಕಾವಲಿನವರು "ಚೀಟಿ ಎಲ್ಲಿ? ಒಳಗೆ ನಡಿ" ಅಂದರು. ಅವರ ಕಣ್ಣು ನೋಡಿ "ಇಲ್ಲ, ಆಗೋದಿಲ್ಲ" ಅಂದೆ. ನಗಲಿಲ್ಲ. ಅವರೇ ಪಕ್ಕಕ್ಕೆ ಸರಿದರು. ಅವರನ್ನು ಬೈಯಬೇಡಿ, ನೀವು ಕಲಿಸಿದ್ದನ್ನು ನಾನು ಚೆನ್ನಾಗಿ ಕಲಿತಿದ್ದೆ.

ಸಂತೆಯಿಂದ ಖಾಲಿ ಚೀಲಗಳ ಲಾರಿಯಲ್ಲಿ ಚಿಕ್ಕಮ್ಮನ ಜೊತೆ ಬಂದೆ. ಅಮ್ಮ ಬದುಕಿದ್ದಳು. ನನ್ನನ್ನು ನೋಡಿದವಳೇ, "ಯಾರೇ ಬರಹೇಳಿದ್ದು ನಿನ್ನ? ಅಷ್ಟು ಕಷ್ಟಪಟ್ಟು ಸತ್ತಿದ್ನಲ್ಲೇ, ಎಲ್ಲಾ ಹಾಳು ಮಾಡಿದ್ಯಲ್ಲೇ!" ಎಂದು ಬೈದು ಗೋಡೆಯ ಕಡೆ ತಿರುಗಿ ಮಲಗಿದಳು. ಗಂಜಿ ಕೊಟ್ಟರೆ ಬಾಯಿ ಬಿಗಿ ಹಿಡಿದಳು. ಮರುದಿನ "ತಲೆ ಸಿಕ್ಕಾಗಿದೆ, ಬಾಚು" ಅಂದಳು. ಬಾಚಿದರೆ ಕೂದಲು ಬಾಚಣಿಗೆಗೇ ಬಂತು. ತಲೆವಸ್ತ್ರ ಕಟ್ಟಿದೆ. ಮುಟ್ಟಿ ನೋಡಿದಳು. "ಇದನ್ನೂ ತಂದ್ಯಾ? ಹಂಗಾದ್ರೆ ವಾಪಸ್ ಹೋಗೋ ಯೋಚ್ನೆ ಇಲ್ಲ ಅನ್ನು" ಅಂದಳು. ನಾನು ತಲೆವಸ್ತ್ರದ ಗಂಟು ಸರಿಮಾಡಿದೆ. "ಹೋಗ್ತೀನಿ ಅನ್ನು" ಅಂದಳು. ಹೋಗ್ತೀನಿ ಎಂದೆ. ಆಮೇಲೆ ಎರಡು ಚಮಚ ಗಂಜಿ ಕುಡಿದಳು. ಐದು ದಿನ ನನಗೆ ಸಿಕ್ಕಳು. ಅಷ್ಟೂ ದಿನ ಅವಳ ಪಕ್ಕದಲ್ಲೇ ಮಲಗಿದ್ದೆ.

ನಿಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ನನ್ನ ಹೆಸರಿನ ಮುಂದೆ ಮಾರ್ಚ್ ಹದಿನಾಲ್ಕು ಎಂದಿದೆ. ಅದನ್ನು ಹೊಡೆದುಹಾಕಿ. ನವೆಂಬರ್ ಒಂಬತ್ತು, ೨೦೦೩, ಬೆಳಿಗ್ಗೆ ಎಂದು ಬರೆಯಿರಿ. ಮಳೆ ಇನ್ನೂ ಬಂದಿರಲಿಲ್ಲ. ಗುಂಡಿ ಒಣಗಿತ್ತು, ತೋಡಿದವರು ಯಾರೂ ಬೈಯಲಿಲ್ಲ. ಇಲ್ಲಿ ಹೆಂಗಸರ ಶಿಲುಬೆಯ ಮೇಲೆ ಕುಲದ ಹೆಸರು ಮಾತ್ರ ಬರೆಯುವುದು. ಸಂಘದ ಹಿರಿಯರು ಗೊಣಗುತ್ತಿದ್ದರೂ ನಾನು ಎಸ್ನಾತ್ ಎಂದು ಬರೆದೆ. ನೀವು ಫೋಟೊ ತೆಗೆದದ್ದು ದೊಡ್ಡಮ್ಮನದು, ಅದರ ಪಕ್ಕದ್ದು ಅಮ್ಮನದು. ಇನ್ನೊಮ್ಮೆ ಬಂದರೆ ತೋರಿಸುತ್ತೇನೆ.

ಈಗ ಬೆಳಿಗ್ಗೆ ಚಿಕ್ಕಮ್ಮನ ಜೊತೆ ಮರಳಿಗೆ ಹೋಗುತ್ತಿದ್ದೇನೆ. ಬೇಸಿನ್ ಅಮ್ಮನದೇ. ಒಬ್ಬ ದೋಣಿಯವನು ನಿನಗೇ ಮೊದಲು ಹಾಕುತ್ತೇನೆ, ಸಂಜೆ ಬಾ ಎನ್ನುತ್ತಾನೆ. ಕಣ್ಣು ನೋಡಿ ಇಲ್ಲ ಎಂದೆ. ಅವನು ನಕ್ಕ. ನಾಲ್ಕು ದಿನದಿಂದ ಖಾಲಿ ಬೇಸಿನ್ ತರುತ್ತಿದ್ದೇನೆ. ಮಧ್ಯಾಹ್ನದ ಊಟ ಚಿಕ್ಕಮ್ಮನ ಮನೆಯಲ್ಲಿ. ಅವಳ ಮನೆಯಲ್ಲೂ ಐದು ಜನ. ಇಲ್ಲ ಎಂದ ಮೇಲೆ ಏನು ತಿನ್ನುವುದು ಎನ್ನುವ ಪಾಠವನ್ನು ನೀವು ಮಾಡಿರಲಿಲ್ಲ.

ಜನವರಿಯಲ್ಲಿ ನಿಮ್ಮ ವ್ಯಾನು ಮತ್ತೆ ನಮ್ಮ ಚರ್ಚಿಗೆ ಬರುತ್ತದೆ. ಓಡಿಹೋದವರನ್ನು ತೆಗೆದುಕೊಳ್ಳಬಾರದು ಎಂಬ ನಿಯಮ ಇರಬಹುದು. ಇದ್ದರೂ ಬರುತ್ತೇನೆ, ಅಮ್ಮನಿಗೆ ಮಾತು ಕೊಟ್ಟಿದ್ದೇನೆ. ಹೋದ ಸಲದ ಹಾಗೆ ನೀವು ಬೆನ್ನು ತಿರುಗಿಸುವುದನ್ನು ಕಾದು ನಡೆದು ಬರಬೇಕಾಗಿಲ್ಲ. ನೀವು ವ್ಯಾನು ಇಳಿಯುವಾಗಲೇ ನಾನು ಎರಡನೆಯ ಮರದ ಕೆಳಗೆ ನಿಂತಿರುತ್ತೇನೆ.

ಎಸ್ನಾತಳ ಮಗಳು,
ತಿವೊಂಗೆ ಕಮಂಗ